ಹದಿನೆಂಟು ಅಕ್ಷರ

ಪದವಿಯ ಕಾಗದ ಇನ್ನೂ ಸುರುಳಿ ಬಿಚ್ಚಿರಲಿಲ್ಲ,
ಬಾಗಿಲ ಸೀಳಿನಿಂದ ಬಿತ್ತು ಕೌನ್ಸಿಲ್ಲಿನ ಪತ್ರ:
ಪ್ರಿಯ ಮಿಸ್ ಹೆಬಲ್‌ತ್ವೇಟ್, ತಾವೀಗ ವಿದ್ಯಾರ್ಥಿನಿಯಲ್ಲ,
ಆದ್ದರಿಂದ ತೆರಿಗೆ.
ನಾನು ದೊಡ್ಡವಳಾದೆನೆಂದು ಮೊದಲು ಒಪ್ಪಿಕೊಂಡದ್ದು
ಹಲ್ ನಗರದ ವಸೂಲಿ ವಿಭಾಗ.

ಬ್ರಯನಿ ಅಡುಗೆಮನೆಯ ಮೇಜಿನಿಂದ ಟೋಸ್ಟಿನ ಪುಡಿ ಒರೆಸಿ
ಲ್ಯಾಪ್‌ಟಾಪ್ ಬಿಚ್ಚಿ ಪಾಠಕ್ಕೆ ಕೂತಳು.
ಒಂದು ಖಾತೆ ಬಿಲ್ಲಿಗೆ. ಬಾಡಿಗೆ, ಕರೆಂಟು, ನೀರು, ವೈಫೈ,
ಸಂಬಳ ಬಿದ್ದ ಮಾರನೇ ದಿನ ಎಲ್ಲ ತಾನಾಗಿ ಹೋಗಬೇಕು,
ನಿನ್ನ ಕಣ್ಣಿಗೂ ಬೀಳದ ಹಾಗೆ.
ಒಂದು ಉಳಿತಾಯಕ್ಕೆ. ಅದರ ಕಾರ್ಡು ತರಿಸಲೇಬೇಡ.
ಆ ಹಳೇ ವಿದ್ಯಾರ್ಥಿ ಖಾತೆ ಮುಚ್ಚಿಬಿಡು.
ಅದರ ಬಡ್ಡಿಯಿಲ್ಲದ ಸಾಲ ವರ್ಷ ವರ್ಷ ಕುಗ್ಗುತ್ತೆ,
ಬಿಸಿನೀರಲ್ಲಿ ಒಗೆದ ಸ್ವೆಟರಿನ ಹಾಗೆ,
ಕೊನೆಗೆ ಕುತ್ತಿಗೆ ಹಿಡಿಯುತ್ತೆ.

ಉಳಿತಾಯಕ್ಕೆ ಹೆಸರಿಡಿ ಅಂತು ಪರದೆ.
ಬ್ರಯನಿ ತನ್ನದಕ್ಕೆ ಪೋರ್ಚುಗಲ್ ಅಂತ ಇಟ್ಟಿದ್ದಾಳೆ.
ನನಗೇನೂ ಹೊಳೆಯದೆ ಬಾಯ್ಲರ್ ಎಂದು ಬರೆದೆ.
ಬಾಯ್ಲರ್ ಮನೆಯೊಡೆಯನದು, ಕೆಟ್ಟರೆ ಅವನ ತಲೆನೋವು.
ಆದರೂ ಅಮ್ಮ ಜೀವಮಾನವಿಡೀ ಹೆದರಿದ್ದು ಅದಕ್ಕೇ.
ಇಪ್ಪತ್ತೈದು ಪೌಂಡು ಹಾಕಿದೆ. ಹನಿಗೂಡಿದರೆ ಹಳ್ಳ ಸರಿ,
ನದಿಗಿಂತ ತಗ್ಗಿನ ಈ ಊರಲ್ಲಿ
ಹಳ್ಳವೆಂದರೆ ಮನೆಗೆ ನುಗ್ಗುವುದು ಕೂಡ.

ಮುಚ್ಚುವ ಮುಂಚೆ ಹಳೇ ಖಾತೆಯ ಮೂರು ವರ್ಷ ಹಿಂದಕ್ಕೆ ಸರಿಸಿದೆ.
ಚಿಪ್ಸು. ಬಸ್ಸು. ಚಿಪ್ಸು. ಪುಸ್ತಕ, ಒಂದೇ ಸಲ.
ನಡುನಡುವೆ ಪ್ರತಿ ಶುಕ್ರವಾರ ಐದು ಪೌಂಡು ಜಮಾ:
ಎನ್. ಸ್ಟಾಥರ್ಸ್.

ನೆವಿಲ್. ಅಮ್ಮನ ಗಂಡ. ನಾನು ಅಪ್ಪಾ ಅಂದವಳಲ್ಲ,
ಅನ್ನು ಅಂತ ಅವನೂ ಅಂದವನಲ್ಲ.
ಕ್ಯಾರವಾನ್ ಕಾರ್ಖಾನೆಯಲ್ಲಿ ಕಿಟಕಿಗೆ ಅಂಟು ಬಳಿಯುವ ಕೆಲಸ.
ಬಾಯಿಗೂ ಒಂದಿಷ್ಟು ಬಳಿದುಕೊಂಡಿದ್ದಾನೆಂದು ನಗುತ್ತಿದ್ದೆವು.

ಹಣದ ಜೊತೆ ಬರೆಯಲು ಬ್ಯಾಂಕು ಕೊಡುವುದು ಹದಿನೆಂಟು ಅಕ್ಷರ.
ನಾನು ಓದಿದ್ದೇ ಇಲ್ಲ, ಮೊತ್ತ ನೋಡಿ ಮುಂದೆ ಹೋಗಿದ್ದೆ.

ಹಾಲು ಬ್ರೆಡ್ಡಿಗೆ.
ಹಾಲು ಬ್ರೆಡ್ಡಿಗೆ.
ಪರೀಕ್ಷೆ. ಹೆದರಬೇಡ.
ಹಿಮ ಬಿದ್ದಿದೆ. ಬೂಟು.
ಹಾಲು ಬ್ರೆಡ್ಡಿಗೆ.
ಅಮ್ಮ ಈಗ ಪರವಾಗಿಲ್ಲ.

ಅದು ಮಾರ್ಚಿನದು. ಏನಾಗಿತ್ತು ಅವಳಿಗೆ ಮಾರ್ಚಿನಲ್ಲಿ?

ತಾನಾಗಿ ಹೋಗುವ ಏರ್ಪಾಡಲ್ಲ ಇದು. ಪಾಳಿ ಮುಗಿಸಿ,
ಅಂಟಿನ ದಪ್ಪ ಬೆರಳಲ್ಲಿ, ವಾರವಾರವೂ
ಒಂದೊಂದೇ ಅಕ್ಷರ ಒತ್ತಿದ್ದಾನೆ.

ಮುಚ್ಚಿದೆಯಾ? ಬ್ರಯನಿ ಕೆಟಲ್ ತುಂಬಿಸುತ್ತ ಕೇಳಿದಳು.
ಇರಲಿ ಅಂದೆ. ಬಡ್ಡಿ? ಅಂದಳು.
ತೀರಿಸಿ ಸೊನ್ನೆಗೆ ತರುತ್ತೇನೆ, ಇರಲಿ.

ಶುಕ್ರವಾರ ನಾನೇ ಅವನಿಗೆ ಐದು ಪೌಂಡು ಕಳಿಸಿದೆ.
ಬರೆದು ಅಳಿಸಿ, ಬರೆದು ಅಳಿಸಿ,
ಜಾಗ ಸಾಲದೆ, ಕೊನೆಗೆ ಇಷ್ಟು:
ಮಾರ್ಚಲ್ಲಿ ಏನಾಗಿತ್ತು.

ಅರ್ಧ ಗಂಟೆಗೆ ಅದೇ ಐದು ವಾಪಸ್ಸು ಬಂತು:
ಭಾನುವಾರ ಊಟಕ್ಕೆ ಬಾ.

ಬಸ್ಸಿನ ಖರ್ಚು ಯಾವ ಖಾತೆಯದೆಂದು
ಬ್ರಯನಿಯನ್ನು ಕೇಳಲಿಲ್ಲ.