ಒಂದು ಗಂಟೆಯ ಟೇಪಿಗೆ ಒಂದು ಗಂಟೆ

ಅಂಗಡಿಯ ಹುಡುಗ ಮೊದಲು ಹೊಗಳಿದ್ದು ಮೈಕನ್ನು.
ತುಟಿ ಓದಿಕೊಂಡೆ: ಸ್ಟೀರಿಯೊ, ಗಾಳಿಗೆ ತಡೆ, ಪಿಸುಮಾತೂ ಸ್ಪಷ್ಟ.
ನನ್ನ ಕಿವಿ ತೋರಿಸಿ ಇಲ್ಲವೆಂದು ಕೈಯಾಡಿಸಿದೆ.
ಪಾಪ, ತನ್ನ ಕಿವಿಯವರೆಗೂ ಕೆಂಪಾದ.
ಚೀಟಿಯಲ್ಲಿ ಬರೆದು ಕೊಟ್ಟೆ:
ಬೇಕಾದ್ದು ಬೆರಳು.
ಎಂಬತ್ತೊಂದು ವರ್ಷದ ಹತ್ತು ಬೆರಳು,
ಒಂದೂ ಕಲಸಿಹೋಗಬಾರದು.

ಸೆಗೆಡ್ಡಿನ ನಮ್ಮ ಕಿವುಡರ ಸಂಘದ ಡಬ್ಬಿಯಲ್ಲಿ
ಎರಡು ವರ್ಷ ಕೂಡಿಟ್ಟ ಫೋರಿಂಟು,
ಅರ್ಧ ಚಿಲ್ಲರೆ, ಲೆಕ್ಕವೆಲ್ಲ ನನ್ನ ತಲೆಮೇಲೆ.
ಹಾಗಾಗಿ, ಕಲ್ಲಂಗಡಿ ತಟ್ಟಿ ನೋಡುವವಳ ಹಾಗೆ,
ತಂಗಿಯ ಮಗಳು ಬೋರ್ಕಾಳನ್ನು
ಒಂದೊಂದು ಕ್ಯಾಮೆರಾದ ಮುಂದೂ ನಿಲ್ಲಿಸಿ
ನಿನ್ನ ಹೆಸರು ಬೆರಳಲ್ಲಿ ಬರಿ ಎಂದೆ.

ಮೊದಲನೆಯದು ಅಂಗೈಯಗಲ, ಚಂದ, ಮೆಮೊರಿ ಕಾರ್ಡಿನದು.
ಬೆರಳು ಓಡಿದೊಡನೆ ಹಿಟ್ಟಿನ ಮುದ್ದೆ.
ಎರಡನೆಯದರಲ್ಲಿ ಬೆರಳಿನಂಚಿಗೆಲ್ಲ ಬಾಚಣಿಗೆಯ ಹಲ್ಲು:
ಗೆರೆ ಬಿಟ್ಟು ಗೆರೆ ಹಿಡಿಯುತ್ತದಂತೆ, ಟೀವಿಯಲ್ಲಿ ಕಾಣುವುದಿಲ್ಲವಂತೆ.
ಕಾಣುವುದೇ ಕಸುಬಾದವರಿಗೆ ಹೀಗೆ ಹೇಳಬಾರದು.
ಮೂರನೆಯದು ಕಪ್ಪು, ತೂಕ, ಟೇಪು ನುಂಗುವಂಥದು,
ಹಳೆಯ ಮಾದರಿಯೆಂದು ಮೂಲೆಗೆ ಸರಿಸಿದ್ದು.
ಇಡೀ ಚಿತ್ರವನ್ನು ಒಂದೇ ಗುಕ್ಕಿಗೆ ಹಿಡಿಯುವ ಗುಂಡಿಯಿತ್ತು;
ಷಟರು ಏರಿಸಿದರೆ
ಉಗುರಿನ ಬುಡದ ಅರ್ಧಚಂದ್ರ ಕೂಡ ನಿಂತು ನೋಡಿತು.

ವೆಂಡೆಲ್ ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿದವನು.
ಆ ಮುದ್ರಣಾಲಯದ ಗದ್ದಲಕ್ಕೆ ಕಿವುಡರೇ ಸರಿಹೋದದ್ದು.
ಅಲ್ಲಿ ಹುಟ್ಟಿದ ಸನ್ನೆಗಳು ಯಾವ ನಿಘಂಟಿಗೂ ಏರಲಿಲ್ಲ:
ತಲೆಕೆಳಗಾದ ಅಕ್ಷರಕ್ಕೊಂದು,
ಸಂಬಳ ಬಾರದ ಶನಿವಾರಕ್ಕೊಂದು,
ಮೇಸ್ತ್ರಿ ಕುಡಿದು ಬಂದಿದ್ದಾನೆ ಎಂಬುದಕ್ಕೆ
ಕಿರುಬೆರಳೊಂದೇ ಸಾಕು.
ಬಲ್ಲವರು ಎಂಟು ಜನ ಇದ್ದರು. ಈಗ ಅವನು.
ಬಾಯಿಂದ ಹೋದ ಮಾತು
ಯಾರ ಕಿವಿಯಲ್ಲಾದರೂ ಸಿಕ್ಕಿಕೊಂಡೀತು;
ಕೈಯ ಮಾತು ಮಡಿಲಿಗೆ ಬಿದ್ದರೆ ಬಿತ್ತು.

ಟೇಪು ತುಂಬಿತು. ಇಳಿಸುವುದು ಬೇರೆ ಪುರಾಣ.
ಕೇಬಲ್ಲಿನ ಮೂತಿ ಸಂಘದ ಕಂಪ್ಯೂಟರಿನ
ಯಾವ ತೂತಿಗೂ ಕೂಡಲಿಲ್ಲ.
ಹೊಸ ಕಾರ್ಡು ತಂದು, ಹೊಟ್ಟೆ ಬಿಚ್ಚಿ, ಕೂರಿಸಿ,
ಆಗ ತಿಳಿಯಿತು, ಇದಕ್ಕೆ ಅವಸರವೆಂಬುದಿಲ್ಲ.
ಒಂದು ಗಂಟೆಯ ಟೇಪಿಗೆ ಒಂದು ಗಂಟೆ.
ಅವನು ಕೈ ನಿಲ್ಲಿಸಿ ನೀರು ಕುಡಿದರೆ
ಕಂಪ್ಯೂಟರೂ ಕಾಯಬೇಕು, ನಾನೂ.
ನಾಲ್ಕನೆಯ ನಿಮಿಷಕ್ಕೆ ಕೆಂಪಕ್ಷರ: ಫ್ರೇಮು ಬಿಟ್ಟುಹೋಗಿದೆ.
ಅವನ ತೋರುಬೆರಳು
ಹೊರಟಲ್ಲಿಂದ ಸೇರಿದಲ್ಲಿಗೆ ದಾರಿಯೇ ಇಲ್ಲದೆ ಜಿಗಿದಿತ್ತು.
ತೆರೆದಿದ್ದನ್ನೆಲ್ಲ ಮುಚ್ಚಿ, ಟೇಪು ಹಿಂದಕ್ಕೆ ಸುತ್ತಿ,
ಮತ್ತೆ ಮೊದಲಿಂದ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.

ಚಿತ್ರದ ಕೆಳಗೆ ಹಸಿರು ಪಟ್ಟಿಯೊಂದು ಓಡುತ್ತಿತ್ತು,
ಹುಲ್ಲಿನಷ್ಟು ಗಿಡ್ಡ.
ನಮಗೇಕೆ ಸದ್ದು, ಅಳಿಸಿದರೆ ಜಾಗ ಉಳಿದೀತು ಎಂದುಕೊಂಡಿದ್ದೆ.
ನಲವತ್ತೊಂದನೆಯ ನಿಮಿಷ.
ವೆಂಡೆಲ್ ಕೆನ್ನೆಗೆ ಎರಡು ಬೆರಳೊತ್ತಿ ತಿರುವಿದ.
ಅದು ತೆಕ್ಲಾಳ ಹೆಸರು, ಗುಳಿ ಬೀಳುತ್ತಿದ್ದ ಕೆನ್ನೆಯವಳದು.
ಹುಲ್ಲು ತಟ್ಟನೆ ಜೋಳದೆತ್ತರ ಎದ್ದಿತು.

ಬೋರ್ಕಾಳಿಗೆ ಕಿವಿ ಇದೆ. ಕರೆದು ಹೆಡ್‌ಫೋನು ಕೊಟ್ಟೆ.
ಗಡಿಯಾರ, ಅಂದಳು. ತೋಳಿನ ಬಟ್ಟೆ ಉಜ್ಜುವುದು. ಹೊರಗೆ ಟ್ರಾಮು.
ಆಮೇಲೆ ಅವಳ ಕೈ ನಡುದಾರಿಯಲ್ಲಿ ನಿಂತಿತು.
ಏನೋ ಅಂದರು.
ಏನು?
ಪದ ಅಲ್ಲ.
ಮತ್ತೆ?
ಗಾಳಿಯಲ್ಲಿ ಹುಡುಕಿದಳು. ಸನ್ನೆ ಸಿಗಲಿಲ್ಲ.
ತಂತಿ ಕಿತ್ತು, ನನ್ನ ಅಂಗೈಯನ್ನು
ಸ್ಪೀಕರಿನ ಮೇಲೆ ಒತ್ತಿ ಹಿಡಿದು
ಆ ಎರಡು ಸೆಕೆಂಡು ಮತ್ತೆ ಹಾಕಿದಳು.

ಟಿಸಾ ಸೇತುವೆಯ ಕಂಬಿ ಹಿಡಿದು ನಿಂತಾಗ
ದೂರದಲ್ಲೊಂದು ಲಾರಿ ಹತ್ತುತ್ತದಲ್ಲ, ಹಾಗೆ. ಅಷ್ಟೇ.
ಇನ್ನೊಮ್ಮೆ, ಎಂದೆ.

ಫೈಲಿಗೆ ತಾರೀಖು ಹಾಕಿದೆ. ಹಸಿರು ಪಟ್ಟಿ ಹಾಗೇ ಇದೆ.
ಇದೇ ಟೇಪನ್ನು ಮತ್ತೆ ಬಳಸಿದರೆ ಎಂಟುನೂರು ಉಳಿತಾಯ
ಎಂದು ಲೆಕ್ಕದ ಪುಸ್ತಕದಲ್ಲಿ ನಾನೇ ಬರೆದಿದ್ದೆ.
ಆ ಸಾಲು ಹೊಡೆದುಹಾಕಿ
ಟೇಪಿನ ಬೆನ್ನಿನ ಪುಟ್ಟ ಅಗುಳಿಯನ್ನು
ಉಗುರಿನಿಂದ ಆಚೆ ಸರಿಸಿದೆ.