ಐದನೆಯ ಪಿನ್ನು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ
ಮೈಸೂರಿನ ಹುಡುಗರು ಕೇಳಿದರು:
ಆಫ್ರಿಕಾನಾ?
ಅಲ್ಲ, ಪೊನ್ನಂಪೇಟೆ, ಅಂದೆ.
ನಕ್ಕರು. ಪೊನ್ನಂಪೇಟೆಯವರೂ ನಕ್ಕರು.

ಅವ್ವ ಹಳಿಯಾಳದ ಸಿದ್ದಿ. ಓಡಲೆಂದು
ಕ್ರೀಡಾ ಹಾಸ್ಟೆಲಿಗೆ ಬಂದವಳು
ಹಾಕಿ ಆಡುತ್ತಿದ್ದ ಅಪ್ಪನ ಎದುರು
ನಿಂತುಬಿಟ್ಟಳು.

ಅವಳು ಬೈಯುವುದು ಕೊಂಕಣಿಯಲ್ಲಿ,
ಅಪ್ಪ ಮುದ್ದು ಮಾಡುವುದು ಕೊಡವ ತಕ್ಕಿನಲ್ಲಿ.
ಶಾಲೆಯ ಅರ್ಜಿಯಲ್ಲಿ ಮಾತೃಭಾಷೆಗೆ ಇದ್ದದ್ದು
ಒಂದೇ ಗೆರೆ. ಮೇಷ್ಟ್ರು ಕನ್ನಡ ಎಂದು ಬರೆದುಕೊಂಡು
ಮುಂದಿನ ಮಗುವನ್ನು ಕರೆದರು.

ಹಳಿಯಾಳಕ್ಕೆ ಹೋದರೆ ಚಿಕ್ಕಮ್ಮಂದಿರು
ಕೌದಿ ಹೊಲಿಯುತ್ತಲೇ ನನ್ನ ಕೈ ತಿರುಗಿಸಿ ನೋಡುತ್ತಾರೆ:
ಬಿಳಿಚಿಕೊಂಡಿದೆ ಹುಡುಗಿ, ಮೀನು ತಿನ್ನಿಸಿ.

ಚೋಂದಮ್ಮತ್ತೆಯ ಮಗನ ಮದುವೆಗೆ
ಮೊದಲ ಸಲ ನೆರಿಗೆ ಹಿಂದಕ್ಕೆ ಉಟ್ಟೆ.
ತಲೆವಸ್ತ್ರ ನಿಲ್ಲಲೊಲ್ಲದು;
ನನ್ನ ಗುಂಗುರು ಅದನ್ನು
ಉಕ್ಕಿದ ಹಾಲು ಮುಚ್ಚಳ ಎತ್ತಿದಂತೆ
ಎತ್ತಿಬಿಡುತ್ತದೆ.
ಅವ್ವನನ್ನು ಏಳು ವರ್ಷ ಮಾತಾಡಿಸದಿದ್ದ ಅಜ್ಜಿ
ನಾಲ್ಕು ಪಿನ್ನು ಚುಚ್ಚಿ, ಸೋತು,
ಎಂಥ ಹಠದ ಕೂದಲೋ, ಎಂದಳು.
ಯಾರ ಕಡೆಯದು ಎನ್ನಲಿಲ್ಲ.
ತನ್ನ ಭುಜದ ಸೆರಗಿನಿಂದ ಬಿಚ್ಚಿದ
ಐದನೆಯದನ್ನು ಹಲ್ಲಲ್ಲಿ ಕಚ್ಚಿಕೊಂಡೇ
ಗೊಣಗಿದಳು:
ಬಗ್ಗೇ ಸ್ವಲ್ಪ.
ಎತ್ತರವಾದರೂ ನಮ್ಮದು.