ಹರಳುಕಡ್ಡಿಯ ಬಿಲ್ಲು

ಗೋಣಿಕೊಪ್ಪ. ಕಾಫಿ ಕ್ಯೂರಿಂಗಿನ ಹಿಂಬದಿ ಕೋಣೆ.
ಬೆಳಗಿನ ಐದೂ ಕಾಲು.
ಸರ್ವರ್ ಏಳುತ್ತಿದೆ,
ಚಳಿಗೆ ಕೆಮ್ಮುವ ಹಳೇ ಜೀಪಿನ ಹಾಗೆ
ಸಾಲು ಸಾಲು ಲಾಗು ಉಗುಳುತ್ತ.

ಎಲ್ಲರಿಗಿಂತ ಮೊದಲು ಏಳುವುದು ಒಂದು ಪುಟ್ಟ ಕ್ಲಾಸು.
ಬಾಗಿಲು ತೆರೆಯುವ ಮುಂಚೆ,
ಮೊದಲ ಚೀಲ ತಕ್ಕಡಿಗೆ ಬೀಳುವ ಮುಂಚೆ
ಒಂದೇ ಸಲ ಅದರ ಹೆಸರು ಕೂಗಿ
ಕೈಗೊಂದು ಗಂಟು ಇಡುತ್ತದೆ ಸರ್ವರ್.
ಗಂಟಿನಲ್ಲಿ ಇದ್ದಷ್ಟೇ ಅದಕ್ಕೆ ಲೋಕ:

ತಕ್ಕಡಿ=೨,ತೇವಾಂಶ=೧೧,ಗೋದಾಮು=ಕೆಳಗಿನದು

ಹೆಸರು ಎಡಕ್ಕೆ, ಬೆಲೆ ಬಲಕ್ಕೆ,
ನಡುವೆ ಎರಡು ಗೆರೆ.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಚಂಗಪ್ಪನವರು
ಹನ್ನೊಂದನ್ನು ಕೋಡಿನ ಮಾಂಸದೊಳಗೇ ಬಿಟ್ಟು ಹೋಗಿದ್ದರು,
ಹಂದಿಯ ತುಂಡಿನಲ್ಲಿ ಉಳಿದ ಚರೆಯ ಹಾಗೆ.
ಯಾರ ಹಲ್ಲಿಗೆ ಸಿಕ್ಕಿತೋ ಅವರಿಗೇ ಗೊತ್ತಾಗಬೇಕು.
ಕಿತ್ತು ಹೊರಗಿಟ್ಟೆ.
ಇನ್ನು ಮೇಲೆ ಹೇಳಿ ಕಳಿಸೋಣ ಎಂದುಕೊಂಡೆ.

ಮೊನ್ನೆ ರಾತ್ರಿ ಹೇಳಿ ಕಳಿಸಿದ್ದು ನಾನೇ.
ಅಲ್ಪವಿರಾಮದ ಪಕ್ಕ ಒಂದು ಖಾಲಿ ಜಾಗ,
ನನ್ನ ಹೆಬ್ಬೆರಳಿನ ಅಭ್ಯಾಸ.
ಯಂತ್ರಕ್ಕೆ ಅದು ಬೇರೆಯೇ ಹೆಸರು.
ಹುಡುಕಿತು, ಸಿಗಲಿಲ್ಲ,
ಸೊನ್ನೆ ಎಂದು ತಾನೇ ಅಂದುಕೊಂಡು
ಗೊಣಗದೆ ಕೆಲಸಕ್ಕೆ ಕೂತಿತು.

ಹಂಸನ ಲಾರಿ, ಎಂಬತ್ತು ಚೀಲ ಪಾರ್ಚ್‌ಮೆಂಟ್.
ಪರದೆ ಹೇಳಿತು: ಹಸಿ.
ಮತ್ತೊಂದು ಲಾರಿ: ಹಸಿ.
ತಕ್ಕಡಿಯ ಬೋಪಣ್ಣ ಕಿಟಕಿಗೆ ಬಂದು
'ದೇಚಕ್ಕಾ, ನಿಮ್ಮ ಮಿಷೀನಿಗೆ
ಭೂಮಿ ಮೇಲೆ ಒಣಗಿದ್ದು ಅಂತ ಏನೂ ಇಲ್ಲವಾ?'
ಹಂಸ ಜಗಳಕ್ಕೆ ಬರಲಿಲ್ಲ. ಒಂದು ಕಾಳು ಬಾಯಿಗಿಟ್ಟು
ಕಟಕ್ ಎನ್ನಿಸಿದ, ನನಗೆ ಕೇಳುವಷ್ಟು ಹತ್ತಿರ.
'ಒಣಗಿದೆ, ಮೋಳೇ.'

ಅಣ್ಣ ಹುಟ್ಟಿದಾಗ ಅಂಗಳದಲ್ಲಿ
ತಾತ ಒಂದು ಗುಂಡು ಹಾರಿಸಿದರಂತೆ.
ಹರಳುಕಡ್ಡಿಯ ಬಿಲ್ಲು, ಎಲೆದಂಟಿನ ಬಾಣ,
ಇನ್ನೂ ಕಣ್ಣು ಬಿಡದವನ ಮುಷ್ಟಿಗೆ.
ಈಗ ಪೊನ್ನಂಪೇಟೆಯಲ್ಲಿ ಆಂಥೂರಿಯಂ ಮಾರುತ್ತಾನೆ.
ಪಟಾಕಿಗೂ ಬೆಚ್ಚುತ್ತಾನೆ, ಪಾಪ.
ಕೊಟ್ಟದ್ದನ್ನೆಲ್ಲ ಓದಲೇಬೇಕೆಂದು ಏನಿಲ್ಲ.

ನಾನು ಹುಟ್ಟಿದ ದಿನ ಕೋವಿ ಮೊಳೆಯಲ್ಲೇ ಇತ್ತು.

ನಿನ್ನೆ ಅವ್ವ ಬಿದಿರುಕಳಲೆ ಹೆಚ್ಚುತ್ತಿದ್ದಾಗ ಕೇಳಿದೆ,
ನನ್ನ ಕೈಗೆ ಏನು ಕೊಟ್ಟಿರಿ?
ಚಾಕು ನಿಲ್ಲಿಸಿ ಯೋಚಿಸಿದಳು.
'ನಿನಗಾ? ಬೆರಳು ಕೊಟ್ಟೆ.
ಹಿಡಿದೆ. ಬಿಡಲೇ ಇಲ್ಲ.
ಎಡಗೈಯಲ್ಲೇ ಗಂಜಿ ಕುಡಿದೆ ಅವತ್ತು.'

ಖಾಲಿ ಎಂಬುದು ಬೇರೆ, ಇಲ್ಲ ಎಂಬುದು ಬೇರೆ.
ಈ ಕೆಲಸ ಕಲಿಸಿದ ಮೊದಲ ಪಾಠ,
ಅರ್ಥವಾಗಲು ಹನ್ನೆರಡು ವರ್ಷ ಹಿಡಿಯಿತು.

ಇವತ್ತು ಖಾಲಿ ಜಾಗ ಅಳಿಸಿದ್ದೇನೆ.
ಗಂಟಿನ ಕೊನೆಗೆ ಇನ್ನೊಂದು ಜೋಡಿ ಸೇರಿಸಿದ್ದೇನೆ:
ಬೆರಳು=೧
ಕ್ಲಾಸು ಅದನ್ನು ಕೇಳುವುದಿಲ್ಲ,
ಬೇಡ ಎಂದೂ ಹೇಳುವುದಿಲ್ಲ.

ಗೇಟಿನ ಹತ್ತಿರ ಮಂಜಿನಲ್ಲಿ ಎರಡು ಹಳದಿ ದೀಪ.
ತಕ್ಕಡಿ ಕಿರುಗುಟ್ಟಿತು.
ಪರದೆ ಇನ್ನೂ ಲೆಕ್ಕ ಹಾಕುತ್ತಿದೆ.
ಹಂಸ ಆಗಲೇ ಇಳಿದಿದ್ದಾನೆ,
ಬಾಯಲ್ಲಿ ಒಂದು ಕಾಳು.